ನೆರೆಯವರು ಗಂಡ ಹೆಂಡತಿಯ ನಡುವೆ ತಂದಿಡುತ್ತಿದ್ದರೆ ಏನು ಮಾಡಬೇಕು: ಹಂತ ಹಂತವಾದ ಮಾರ್ಗದರ್ಶಿ

ಸಂಸಾರದಲ್ಲಿ ಹುಳಿ ಹಿಂಡಲು ಹೊರಟವರು ದೂರದಲ್ಲಿದ್ದರೆ ಅವರ ಫೋನ್ ಎತ್ತದೆ ಇರಬಹುದು, ಕಚೇರಿಯಲ್ಲಿದ್ದರೆ ಸಂಜೆಯ ಹೊತ್ತಿಗಾದರೂ ಅವರಿಂದ ಬಿಡುಗಡೆ ಸಿಗುತ್ತದೆ. ಪಕ್ಕದ ಮನೆಯವರ ವಿಷಯದಲ್ಲಿ ಈ ಅನುಕೂಲವಿಲ್ಲ. ನೀವು ಎಷ್ಟು ಹೊತ್ತಿಗೆ ಹೊರಡುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ, ನಿನ್ನೆ ರಾತ್ರಿ ಯಾರ ದನಿ ಏರಿತ್ತು, ಯಾರು ಬಾಗಿಲು ಬಡಿದು ಹೊರಗೆ ಹೋದರು ಎಂಬುದೆಲ್ಲ ಅವರಿಗೆ ಯಾರನ್ನೂ ಕೇಳದೆಯೇ ತಿಳಿಯುತ್ತದೆ. ಇಬ್ಬರಲ್ಲಿ ಒಬ್ಬರೇ ಮನೆಯಲ್ಲಿರುವ ಹೊತ್ತು ಯಾವುದು ಎಂಬುದೂ ಗೊತ್ತಿರುತ್ತದೆ.

ಹಾಗಿದ್ದರೂ ಚಾಡಿ ಹೇಳುವವರ ಬಂಡವಾಳದ ಬಹುಪಾಲು ದಂಪತಿಗಳ ಮನೆಯೊಳಗಿನಿಂದಲೇ ಬಂದಿರುತ್ತದೆ: ಗಂಡ ಹೆಂಡತಿಗೆ ಹೇಳದೆ ಉಳಿಸಿಕೊಂಡ ವಿಷಯ, ಹೆಂಡತಿ ಗಂಡನಿಗೆ ಹೇಳದೆ ಉಳಿಸಿಕೊಂಡ ವಿಷಯ, ಇಬ್ಬರಲ್ಲಿ ಯಾರೋ ಒಬ್ಬರು ಬೇಸರದಲ್ಲಿ ಪಕ್ಕದವರ ಮುಂದೆ ಆಡಿಬಿಟ್ಟ ಮಾತು. ಆದ್ದರಿಂದ ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಮನೆಯೊಳಗೆ ಮಾಡಬೇಕಾದ ಕೆಲಸಗಳೇ ಆಗಿವೆ. ನೆರೆಯವರೊಡನೆ ಆಡಬೇಕಾದ ಮಾತು ತೀರ ಚಿಕ್ಕದು, ಅದರ ಸರದಿ ಬರುವುದೂ ತಡವಾಗಿ.

ಹಂತ 1: ಇದು ತಂದಿಡುವ ಕೆಲಸವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ

ಕುತೂಹಲ ಜಾಸ್ತಿ ಇರುವ ನೆರೆಯವರು ಬೇರೆ, ಬಾಯಿ ಬಿಗಿಯಿಲ್ಲದವರು ಬೇರೆ, ಸಂಸಾರ ಒಡೆಯಲೆಂದೇ ಹೊಂಚು ಹಾಕುವವರು ಬೇರೆ. ಮೊದಲ ಎರಡು ಬಗೆಯವರು ಎಲ್ಲರ ವಿಷಯವನ್ನೂ ಎಲ್ಲರ ಮುಂದೆಯೂ ಆಡುತ್ತಾರೆ. ಅವರಿಂದ ಮುಜುಗರವಾಗುತ್ತದೆ, ಕೆಲವೊಮ್ಮೆ ಸಿಟ್ಟೂ ಬರುತ್ತದೆ, ಆದರೆ ಅವರ ಮಾತಿಗೆ ಗುರಿಯೆಂಬುದಿಲ್ಲ. ಮೂರನೆಯ ಬಗೆಯವರ ನಡವಳಿಕೆಗೆ ಒಂದು ಕ್ರಮವಿರುತ್ತದೆ, ಕೆಲವು ವಾರ ಸುಮ್ಮನೆ ಗಮನಿಸಿದರೆ ಅದು ಕಣ್ಣಿಗೆ ಬೀಳುತ್ತದೆ. ಅವರು ಬರುವುದು ಮನೆಯಲ್ಲಿ ಒಬ್ಬರೇ ಇರುವಾಗ. ಅವರ ಸುದ್ದಿ ಯಾವಾಗಲೂ ಅಲ್ಲಿ ಇಲ್ಲದ ಇನ್ನೊಬ್ಬರ ಬಗ್ಗೆಯೇ ಇರುತ್ತದೆ. ಮಾತು ಮುಗಿಸುವಾಗ "ನಾನು ಹೇಳಿದೆ ಅಂತ ಹೇಳಬೇಡಿ" ಎಂಬ ಕರಾರು ಸೇರಿಕೊಳ್ಳುತ್ತದೆ. ಗಂಡನ ಮುಂದೆ ಹೆಂಡತಿಯ ಪರ ಮಾತಾಡಿದವರೇ ಹೆಂಡತಿಯ ಮುಂದೆ "ಪಾಪ, ನೀವಾಗಿದ್ದಕ್ಕೆ ಸಹಿಸಿಕೊಂಡಿದ್ದೀರಿ" ಎನ್ನುತ್ತಾರೆ. ಮನೆಯಲ್ಲಿ ಜಗಳವಾದ ಮರುದಿನ ಅವರ ಭೇಟಿ ತಪ್ಪುವುದಿಲ್ಲ, ನೀವಿಬ್ಬರೂ ನಗುನಗುತ್ತಾ ಇರುವ ವಾರದಲ್ಲಿ ಅವರ ಮುಖವೂ ಕಾಣಿಸುವುದಿಲ್ಲ.

ಇವುಗಳಲ್ಲಿ ಯಾವುದೋ ಒಂದು ಕಂಡಿತೆಂದು ತೀರ್ಮಾನಕ್ಕೆ ಬರಬೇಡಿ. ಹಲವು ಲಕ್ಷಣಗಳು ಒಟ್ಟಿಗೆ, ಮತ್ತೆ ಮತ್ತೆ ಕಾಣಿಸಿದರೆ ಮಾತ್ರ ಅನುಮಾನಕ್ಕೆ ಆಧಾರವಿದೆ ಎನ್ನಬಹುದು.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಇದನ್ನು ಬಿಟ್ಟು ಉಳಿದ ಹಂತಗಳನ್ನು ಮಾತ್ರ ಅನುಸರಿಸಿದರೆ ಅಪಾಯವಾಗಬಹುದು. ಮನೆಯಲ್ಲಿ ಹೊಡೆತ, ಬೆದರಿಕೆ, ಹಣಕಾಸಿನ ಕಟ್ಟುಪಾಡು, ಹೊರಗೆ ಹೋಗಲು ಬಿಡದಿರುವುದು ಇಂಥವು ನಡೆಯುತ್ತಿದ್ದಾಗ ಪಕ್ಕದ ಮನೆಯವರು "ನಿಮಗೆ ಏನಾದರೂ ಸಹಾಯ ಬೇಕೇ" ಎಂದು ಕೇಳಿದರೆ ಅದು ಸಂಸಾರ ಒಡೆಯುವ ಹುನ್ನಾರವಲ್ಲ. ಹಿಂಸೆ ಮಾಡುವವರು ಸಾಮಾನ್ಯವಾಗಿ ಹಿಡಿಯುವ ದಾರಿಯೇ ಸಂಗಾತಿಯನ್ನು ನೆಂಟರಿಂದ, ಸ್ನೇಹಿತರಿಂದ, ನೆರೆಯವರಿಂದ ಬೇರ್ಪಡಿಸುವುದು. ಅದಕ್ಕೆ "ಅವರು ನಿನ್ನ ತಲೆ ಕೆಡಿಸುತ್ತಿದ್ದಾರೆ" ಎಂಬುದಕ್ಕಿಂತ ಸುಲಭವಾದ ನೆಪ ಬೇರೊಂದಿಲ್ಲ. ನೀವು ಸಂಗಾತಿಗೆ ಹೆದರಿ ಬದುಕುತ್ತಿದ್ದೀರಾದರೆ ಈ ಲೇಖನ ನಿಮಗಾಗಿ ಬರೆದದ್ದಲ್ಲ. ಆ ನೆರೆಯವರ ಪರಿಚಯವನ್ನು ಉಳಿಸಿಕೊಳ್ಳಿ, ಕೌಟುಂಬಿಕ ಹಿಂಸೆಗೆ ಸಂಬಂಧಿಸಿದ ಸಹಾಯವಾಣಿಯ ನೆರವು ಪಡೆಯಿರಿ.

ಹಿತ ಬಯಸುವವರನ್ನೂ ಹೊಂಚು ಹಾಕುವವರನ್ನೂ ಬೇರ್ಪಡಿಸಿ ನೋಡಲು ಒಂದು ಪರೀಕ್ಷೆ ಬಹುಮಟ್ಟಿಗೆ ಸಾಕಾಗುತ್ತದೆ. ಹಿಂಸೆಯ ಮಾತು ಇಲ್ಲದ ಮನೆಯಲ್ಲಿ, ನೆರೆಯವರು ತಾವು ಹೇಳಿದ್ದನ್ನೇ ನಿಮ್ಮಿಬ್ಬರ ಎದುರಿಗೂ ಹೇಳಲು ಸಿದ್ಧರಿದ್ದಾರೆಯೇ ಎಂದು ನೋಡಿ. ಹಿತ ಬಯಸುವವರು ಮುಜುಗರಪಟ್ಟುಕೊಂಡಾದರೂ ಹೇಳುತ್ತಾರೆ. ಇನ್ನೊಬ್ಬರು ಮಾತು ಬದಲಿಸುತ್ತಾರೆ, ನಿಮ್ಮನ್ನೇ ತಪ್ಪಿತಸ್ಥರನ್ನಾಗಿ ಮಾಡುತ್ತಾರೆ, ಇಲ್ಲವೇ "ನಾನು ಹಾಗೆ ಹೇಳಲೇ ಇಲ್ಲ" ಎಂದು ಕೈ ಕೊಡವಿಕೊಳ್ಳುತ್ತಾರೆ.

ಹಂತ 2: ಕೇಳಿದ್ದನ್ನು ಸಂಗಾತಿಯ ಮುಂದೆ ಇಡುವ ಮೊದಲು ಜರಡಿ ಹಿಡಿಯಿರಿ

ಚಾಡಿಯ ಮಾತು ಪೂರ್ತಿ ಸುಳ್ಳಾಗಿರುವುದು ಅಪರೂಪ. ಒಂದು ಚೂರು ನಿಜ, ಅದರ ಸುತ್ತ ಊಹೆ, ಮೇಲೊಂದಿಷ್ಟು ಉಪ್ಪು ಖಾರ, ಇದೇ ಅದರ ರಚನೆ. ಒಂದು ಮಾತನ್ನು ಹತ್ತಿರದಿಂದ ನೋಡೋಣ. ಪಕ್ಕದವರು ಹೀಗೆನ್ನುತ್ತಾರೆ: "ನಿನ್ನೆ ಮಧ್ಯಾಹ್ನ ನಿಮ್ಮವರು ಯಾರೋ ಒಬ್ಬರ ಜೊತೆ ಕಾರಿನಲ್ಲಿ ಬಂದರು. ತುಂಬಾ ಹೊತ್ತು ಕಾರಿನಲ್ಲೇ ಕೂತು ಮಾತಾಡ್ತಾ ಇದ್ದರು. ನನಗೇನೋ ಸರಿ ಅನ್ನಿಸಲಿಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ." ಈ ನಾಲ್ಕು ವಾಕ್ಯಗಳಲ್ಲಿ ಕಣ್ಣಾರೆ ಕಂಡದ್ದು ಒಂದೇ ಸಂಗತಿ, ಒಂದು ಕಾರು ಬಂತು, ಅದರಲ್ಲಿ ಇಬ್ಬರಿದ್ದರು ಎಂಬುದು. "ತುಂಬಾ ಹೊತ್ತು" ಎಂಬುದು ಎರಡು ನಿಮಿಷವೋ ಇಪ್ಪತ್ತು ನಿಮಿಷವೋ ಯಾರಿಗೂ ತಿಳಿಯದು. "ಸರಿ ಅನ್ನಿಸಲಿಲ್ಲ" ಎಂಬುದು ಹೇಳುವವರ ಅನಿಸಿಕೆ. ಕೊನೆಯ ವಾಕ್ಯವಂತೂ ಮನಸ್ಸಿಗೆ ಹಚ್ಚಿಕೊಳ್ಳಲಿ ಎಂದೇ ಆಡಿದ ಮಾತು. ಇಷ್ಟನ್ನು ಬಿಡಿಸಿ ನೋಡಿದ ಮೇಲೆ ಸಂಜೆ ಕೇಳಬೇಕಾದ ಪ್ರಶ್ನೆ "ನಿನ್ನೆ ಮಧ್ಯಾಹ್ನ ಯಾರು ಬಿಟ್ಟು ಹೋದರು" ಎಂಬಷ್ಟಕ್ಕೆ ಇಳಿಯುತ್ತದೆ.

ಮಾತು ಬಾಯಿಂದ ಬಾಯಿಗೆ ದಾಟುವಾಗ ಹೇಗೆ ರೂಪ ಬದಲಿಸುತ್ತದೆ ಎಂಬುದನ್ನು ಬ್ರಿಟಿಷ್ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ ಅವರು 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದ್ದರು. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ದಾಟಿಸುತ್ತಾ ಹೋದಂತೆ ಕತೆ ಗಿಡ್ಡವಾಗುತ್ತದೆ, ವಿವರಗಳು ಉದುರುತ್ತವೆ, ಉಳಿದದ್ದು ಹೇಳುವವರ ನಿರೀಕ್ಷೆಗೆ ತಕ್ಕಂತೆ ಬಾಗುತ್ತದೆ. ಅಂದರೆ ಕೆಟ್ಟ ಉದ್ದೇಶವಿಲ್ಲದವರ ಬಾಯಲ್ಲೂ ಸುದ್ದಿ ಕೆಡುತ್ತದೆ. ಉದ್ದೇಶವೇ ಕೆಟ್ಟದಾಗಿದ್ದಾಗ ಅದು ಯಾವ ಆಕಾರ ತಾಳೀತು ಎಂಬುದನ್ನು ಊಹಿಸಬಹುದು.

ಇದಕ್ಕಿಂತ ಹೆಚ್ಚು ಜಾಗರೂಕರಾಗಿರಬೇಕಾದದ್ದು ಪುನರಾವರ್ತನೆಯ ಬಗ್ಗೆ. ಹ್ಯಾಶರ್, ಗೋಲ್ಡ್‌ಸ್ಟೀನ್ ಮತ್ತು ಟೊಪಿನೊ ಎಂಬ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಎರಡೆರಡು ವಾರಗಳ ಅಂತರದಲ್ಲಿ ಮೂರು ಬಾರಿ ಕೆಲವು ಹೇಳಿಕೆಗಳನ್ನು ಕೇಳಿಸಿ, ಅವು ಎಷ್ಟರಮಟ್ಟಿಗೆ ನಿಜವೆನಿಸುತ್ತವೆ ಎಂದು ಅಂಕ ಕೊಡಿಸಿದರು. ಮರಳಿ ಮರಳಿ ಕಿವಿಗೆ ಬಿದ್ದ ಹೇಳಿಕೆಗಳು, ನಿಜವಿರಲಿ ಸುಳ್ಳಿರಲಿ, ಪ್ರತಿ ಸಲ ಹೆಚ್ಚು ಹೆಚ್ಚು ನಿಜವೆನಿಸತೊಡಗಿದವು. "ನಾನು ಅವರ ಮಾತನ್ನು ನಂಬುವುದಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತೇನೆ ಅಷ್ಟೆ" ಎನ್ನುವವರು ಇದನ್ನು ಗಮನಿಸಬೇಕು. ಕಿವಿ ಊದುವವರಿಗೆ ಬೇಕಾದದ್ದೂ ಅಷ್ಟೇ, ನೀವು ಕೇಳಿಸಿಕೊಳ್ಳುತ್ತಿರಬೇಕು.

ಆದ್ದರಿಂದ ಕೇಳಿದ ದಿನವೇ ಒಂದು ಕಡೆ ಬರೆದಿಡಿ: ಯಾವ ದಿನ, ಯಾವ ಮಾತು, ಅದರಲ್ಲಿ ಅವರು ಕಂಡದ್ದೆಷ್ಟು, ಬೇರೆಯವರಿಂದ ಕೇಳಿದ್ದೆಷ್ಟು, ಊಹಿಸಿದ್ದೆಷ್ಟು. ಅವರು ಹೀಗೆ ಏಕೆ ಮಾಡುತ್ತಿದ್ದಾರೆ ಎಂಬುದರ ಬಗ್ಗೆ ಮಾತ್ರ ಬಹಳ ತಲೆ ಕೆಡಿಸಿಕೊಳ್ಳಬೇಡಿ. ಹೊಟ್ಟೆಕಿಚ್ಚೋ, ಒಂಟಿತನವೋ, ಹಳೆಯ ಮುನಿಸೋ, ಯಾವುದೇ ಆಗಿದ್ದರೂ ನೀವು ಮಾಡಬೇಕಾದ ಕೆಲಸ ಹೆಚ್ಚು ಬದಲಾಗುವುದಿಲ್ಲ. ಎರಡು ಸಂದರ್ಭಗಳಲ್ಲಿ ಮಾತ್ರ ಕಾರಣ ತಿಳಿದಿರುವುದು ಮುಖ್ಯವಾಗುತ್ತದೆ: ನಿಮ್ಮ ಸಂಗಾತಿಯ ಮೇಲೆಯೇ ಅವರಿಗೆ ಆಸೆ ಇದ್ದಾಗ, ಮತ್ತು ಜಾಗ, ಗೋಡೆ, ದಾರಿ, ಹಣದಂಥ ವ್ಯವಹಾರದ ತಕರಾರು ಹಿಂದೆ ಇದ್ದಾಗ. ಮೊದಲನೆಯದರಲ್ಲಿ ಅಂತರವನ್ನು ಬಿಗಿಗೊಳಿಸಬೇಕಾಗುತ್ತದೆ. ಎರಡನೆಯದರಲ್ಲಿ ಆ ತಕರಾರನ್ನು ಬೇರೆಯಾಗಿ, ಕಾಗದಪತ್ರದ ಮೂಲಕ ಬಗೆಹರಿಸಿಕೊಳ್ಳಬೇಕಾಗುತ್ತದೆ.

ಹಂತ 3: ಸಂಗಾತಿಯ ಜೊತೆ ಮಾತಾಡಿ

ಇಡೀ ಪ್ರಯತ್ನ ನಿಂತಿರುವುದು ಈ ಹಂತದ ಮೇಲೆ. ಬಹಳಷ್ಟು ಮಂದಿ ಇಲ್ಲಿ ಎಡವುವುದು ಮಾತಿನ ಮೊದಲ ವಾಕ್ಯದಲ್ಲಿಯೇ. "ಪಕ್ಕದ ಮನೆಯವರು ಹೀಗಂದರು, ನಿಜವಾ?" ಎಂದು ಆರಂಭಿಸಿದರೆ ಅದು ವಿಚಾರಣೆಯಾಗುತ್ತದೆ, ಎದುರಿಗಿರುವವರು ತಕ್ಷಣ ಕಟಕಟೆಯಲ್ಲಿ ನಿಂತಂತಾಗಿ ಸಮರ್ಥನೆಗೆ ಇಳಿಯುತ್ತಾರೆ. ದಾಂಪತ್ಯದ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಸಿರುವ ಅಮೆರಿಕದ ಜಾನ್ ಗಾಟ್‌ಮನ್ ಅವರು ಸಿಬಿಲ್ ಕರೇರ್ ಅವರೊಡನೆ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊಸದಾಗಿ ಮದುವೆಯಾದ 124 ಜೋಡಿಗಳು ಭಿನ್ನಾಭಿಪ್ರಾಯದ ವಿಷಯವೊಂದನ್ನು ಚರ್ಚಿಸಿದಾಗ ಅದರ ಮೊದಲ ಮೂರು ನಿಮಿಷಗಳ ಧಾಟಿಯೇ ಮುಂದೆ ಆ ಮದುವೆ ಉಳಿಯುತ್ತದೆಯೋ ಇಲ್ಲವೋ ಎಂಬುದರ ಸುಳಿವು ಕೊಡುತ್ತಿತ್ತು ಎಂದು ಕಂಡುಕೊಂಡರು. ಒರಟಾಗಿ ತೊಡಗಿದ ಮಾತು ಮಧ್ಯದಲ್ಲಿ ಮೃದುವಾಗುವುದು ಕಷ್ಟ.

ಹಾಗಾಗಿ ಹೊತ್ತನ್ನು ಆರಿಸಿಕೊಳ್ಳಿ. ಹಸಿದಿರುವಾಗ, ಕೆಲಸದಿಂದ ಆಗಷ್ಟೇ ಬಂದಿರುವಾಗ, ಮಕ್ಕಳು ಕೇಳಿಸಿಕೊಳ್ಳುವಂತಿರುವಾಗ ಬೇಡ. ಗೋಡೆಯಾಚೆ ಕೇಳಿಸುವಂಥ ಮನೆಯಾದರೆ ಹೊರಗೆ ನಡೆದಾಡಿಕೊಂಡು ಮಾತಾಡುವುದು ಒಳ್ಳೆಯದು. ಇದು ತಮಾಷೆಯಾಗಿ ಕಂಡರೂ, ನೆರೆಯವರ ಬಗ್ಗೆ ಆಡುವ ಮಾತನ್ನು ನೆರೆಯವರೇ ಕೇಳಿಸಿಕೊಂಡ ಪ್ರಸಂಗಗಳಿಗೇನೂ ಕೊರತೆಯಿಲ್ಲ. ಆರಂಭದ ಮಾತು ಇಂಥದ್ದಿರಬಹುದು: "ಪಕ್ಕದವರು ನಿಮ್ಮ ಬಗ್ಗೆ ನನ್ನ ಹತ್ತಿರ ಒಂದು ಮಾತು ಹೇಳಿದರು. ಅದನ್ನು ನಂಬಿ ಕೇಳುತ್ತಿಲ್ಲ. ನಿಮಗೆ ಹೇಳದೆ ನನ್ನೊಳಗೇ ಇಟ್ಟುಕೊಂಡರೆ ಅದು ಬೆಳೆಯುತ್ತದೆ ಅಂತ ಹೇಳುತ್ತಿದ್ದೇನೆ." ಆಮೇಲೆ ಕೇಳಿದ್ದನ್ನು ಕೇಳಿದಷ್ಟೇ ಹೇಳಿ, ಬಣ್ಣ ಹಚ್ಚಬೇಡಿ. ಉತ್ತರ ಬರುವಾಗ ಮುಖವನ್ನು ಓದುವ ಸಾಹಸಕ್ಕೂ ಹೋಗಬೇಡಿ, ಏಕೆಂದರೆ ಸುಳ್ಳು ಆರೋಪ ಕೇಳಿದವರ ಮುಖದಲ್ಲೂ ಗಾಬರಿ ಕಾಣುತ್ತದೆ.

ಇದರ ನಂತರದ ಭಾಗ ಹೆಚ್ಚು ಕಷ್ಟದ್ದು. ನೀವು ಆ ನೆರೆಯವರಿಗೆ ಏನೇನು ಹೇಳಿದ್ದೀರಿ ಎಂಬುದನ್ನೂ ಹೇಳಿಬಿಡಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಇಬ್ಬರೇ ಜಗಳವಾಡಿದಾಗ ಬಹುಮಟ್ಟಿಗೆ ನಿಜ. ಆ ಜಗಳದ ದೂರನ್ನು ಮೂರನೆಯವರಿಗೆ ಒಪ್ಪಿಸಿದ್ದರೆ, ನೀವಿಬ್ಬರೂ ರಾಜಿಯಾಗಿ ಮರೆತ ಮೇಲೂ ಅದು ಅವರ ಬಳಿ ಹಾಗೆಯೇ ಉಳಿದಿರುತ್ತದೆ, ಬೇಕಾದಾಗ ಹೊರಗೆ ಬರುತ್ತದೆ. "ನಿಮ್ಮ ಅಮ್ಮನ ವಿಷಯಕ್ಕೆ ಸಿಟ್ಟಾಗಿ ಹೋದ ತಿಂಗಳು ನಾನು ಅವರ ಹತ್ತಿರ ಹೀಗೆ ಹೇಳಿಕೊಂಡಿದ್ದೆ" ಎಂದು ನೀವೇ ಹೇಳಿದರೆ ಒಂದು ಸಂಜೆಯ ಬೇಸರದಲ್ಲಿ ವಿಷಯ ಮುಗಿಯುತ್ತದೆ. ಅದೇ ಮಾತು ನೆರೆಯವರ ಬಾಯಿಂದ, ಅವರ ಧಾಟಿಯಲ್ಲಿ ತಲುಪಿದರೆ ಅದು ದ್ರೋಹವಾಗಿ ಕಾಣುತ್ತದೆ. ಇಬ್ಬರೂ ಹೀಗೆ ಹೇಳಿಕೊಂಡ ಮೇಲೆ ನೆರೆಯವರ ಕೈಯಲ್ಲಿ ಗುಟ್ಟೆಂಬುದೇ ಉಳಿಯುವುದಿಲ್ಲ. ಕೇಳಿಸಿಕೊಳ್ಳುವವರು ಆ ಸಂಜೆ ಮಾಡಬೇಕಾದದ್ದು ಇಷ್ಟೆ: ಇದನ್ನು ಮುಂದಿನ ಜಗಳದಲ್ಲಿ ಎತ್ತಿ ಆಡುವುದಿಲ್ಲ ಎಂದು ಒಪ್ಪಿಕೊಳ್ಳುವುದು.

ಮಾತು ಬಿಸಿಯೇರಿದರೆ ನಿಲ್ಲಿಸಿ. ಮೈ ಬಿಸಿಯಾಗಿ ಎದೆಬಡಿತ ಜೋರಾದಾಗ ಕೇಳುವ ಶಕ್ತಿ ಕುಗ್ಗುತ್ತದೆ. ಕನಿಷ್ಠ 20 ನಿಮಿಷಗಳ ಬಿಡುವು ಬೇಕೆಂದು ಗಾಟ್‌ಮನ್ ಸಲಹೆ ಮಾಡುತ್ತಾರೆ. ಎದ್ದು ಹೋಗುವವರು ಎಷ್ಟು ಹೊತ್ತಿಗೆ ಮರಳಿ ಕೂರುತ್ತೇನೆ ಎಂಬುದನ್ನು ಹೇಳಿ ಹೋಗಬೇಕು, ಇಲ್ಲವಾದರೆ ಬಿಡುವು ಮುನಿಸಾಗಿ ತೋರುತ್ತದೆ.

ನೆರೆಯವರು ಹೇಳಿದ್ದರಲ್ಲಿ ನಿಜಾಂಶವಿದೆ ಎಂದು ತಿಳಿದುಬಂದರೆ? ಹೇಳದೆ ಮಾಡಿದ ಸಾಲ, ಮುಚ್ಚಿಟ್ಟ ಪರಿಚಯ, ಕೆಲಸ ಹೋದದ್ದು, ಇಂಥದ್ದು ಹೊರಬರಬಹುದು. ಆಗ ಆ ವಿಷಯ ನಿಮ್ಮಿಬ್ಬರದು, ಅದರ ಮಾತುಕತೆ ನಿಮ್ಮಿಬ್ಬರ ನಡುವೆಯೇ ನಡೆಯಬೇಕು. ತಪ್ಪು ಮಾಡಿದವರು "ಹೇಳಿದವರು ಎಂಥವರು ಗೊತ್ತಾ" ಎಂದು ಮಾತನ್ನು ನೆರೆಯವರ ಕಡೆ ತಿರುಗಿಸಿದರೆ ಒಪ್ಪಬೇಡಿ. ಹಾಗೆಯೇ ನಿಜ ಹೇಳಿದರು ಎಂಬ ಒಂದೇ ಕಾರಣಕ್ಕೆ ನೆರೆಯವರನ್ನು ಆಪ್ತರ ಸ್ಥಾನಕ್ಕೆ ಏರಿಸಬೇಡಿ.

ಹಂತ 4: ಸಂಗಾತಿ ಒಪ್ಪದಿದ್ದರೆ ಪಟ್ಟು ಹಿಡಿಯಬೇಡಿ, ಬೇಡಿಕೆಯನ್ನು ಚಿಕ್ಕದು ಮಾಡಿ

ನೆರೆಯವರು ನಿಮ್ಮ ಸಂಗಾತಿಗೆ ಆಪ್ತರಾಗಿದ್ದಾಗ ನಿಮ್ಮ ಮಾತು ಹೊಟ್ಟೆಕಿಚ್ಚಿನಂತೆ ಕೇಳಿಸುತ್ತದೆ. "ನಿನಗೆ ಎಲ್ಲರ ಮೇಲೂ ಅನುಮಾನ" ಎಂಬ ಉತ್ತರ ಬಂದರೆ ಅಚ್ಚರಿಪಡಬೇಡಿ. ಈ ಸ್ಥಿತಿಯಲ್ಲಿ "ಅವರು ಬೇಕೋ ನಾನು ಬೇಕೋ" ಎಂದು ಕೇಳುವುದು ನೆರೆಯವರ ಕೆಲಸವನ್ನು ನೀವೇ ಮಾಡಿಕೊಟ್ಟಂತೆ. ನೀವು ಕೂಗಾಡಿದಷ್ಟೂ ಅವರು ಸಮಾಧಾನದ ಮೂರ್ತಿಯಾಗಿ ಕಾಣುತ್ತಾರೆ, ನಿಮ್ಮ ಬಗ್ಗೆ ಮೊದಲೇ ಹೇಳಿಟ್ಟದ್ದು ಸಾಬೀತಾದಂತೆಯೂ ಆಗುತ್ತದೆ.

ಅವರ ಗುಣದ ಬಗ್ಗೆ ವಾದ ಬಿಟ್ಟು ಒಂದೇ ಒಂದು ನಡವಳಿಕೆಯ ಬದಲಾವಣೆಯನ್ನು ಕೇಳಿ. "ಅವರ ಜೊತೆ ಸ್ನೇಹ ಬಿಡಿ ಅಂತ ನಾನು ಹೇಳುತ್ತಿಲ್ಲ. ನಮ್ಮಿಬ್ಬರ ಜಗಳದ ವಿಷಯ ಮಾತ್ರ ಅಲ್ಲಿ ಬೇಡ. ನನ್ನ ಬಗ್ಗೆ ಅವರು ಏನಾದರೂ ಹೇಳಿದರೆ ಅದನ್ನು ಅವತ್ತೇ ನನಗೆ ಹೇಳಿ." ಸ್ನೇಹವನ್ನು ಕಳೆದುಕೊಳ್ಳಬೇಕಾಗಿಲ್ಲವಾದ್ದರಿಂದ ಇದಕ್ಕೆ ಒಪ್ಪುವುದು ಸುಲಭ. ಎರಡನೆಯ ಬೇಡಿಕೆ ನಿಧಾನವಾಗಿ ತನ್ನ ಕೆಲಸ ಮಾಡುತ್ತದೆ: ಒಂದೆರಡು ತಿಂಗಳಲ್ಲಿ ನಿಮ್ಮ ಬಗ್ಗೆ ಎಷ್ಟು ಸುದ್ದಿ ಬಂತು, ಅದರಲ್ಲಿ ಎಷ್ಟು ಸುಳ್ಳಾಯಿತು ಎಂಬ ಲೆಕ್ಕ ನಿಮ್ಮ ಸಂಗಾತಿಯ ಕಣ್ಣೆದುರಿಗೇ ಬರುತ್ತದೆ. ನೀವು ಹತ್ತು ಸಲ ಹೇಳಿ ಮನವರಿಕೆ ಮಾಡಲಾಗದ್ದನ್ನು ಅವರು ತಾವಾಗಿಯೇ ಕಂಡುಕೊಳ್ಳುತ್ತಾರೆ.

ಇದರ ಜೊತೆಗೆ, ಸಂಗಾತಿಗೆ ಆ ಮನೆಯಲ್ಲಿ ಏನು ಸಿಗುತ್ತಿದೆ ಎಂದು ಪ್ರಾಮಾಣಿಕವಾಗಿ ಯೋಚಿಸಿ. ಇಬ್ಬರ ನಡುವೆ ಒತ್ತಡ ಹೆಚ್ಚಾದಾಗ ಮೂರನೆಯವರನ್ನು ಎಳೆದುಕೊಂಡು ಆ ಒತ್ತಡವನ್ನು ತಗ್ಗಿಸಿಕೊಳ್ಳುವುದು ಮನುಷ್ಯರ ಸಾಮಾನ್ಯ ರೀತಿಯೆಂದು ಕುಟುಂಬ ಚಿಕಿತ್ಸೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಮನೋವೈದ್ಯ ಮರ್ರೆ ಬೋವೆನ್ ವಿವರಿಸಿದ್ದರು. ಹಗಲೆಲ್ಲ ಒಂಟಿಯಾಗಿರುವವರ ಮಾತನ್ನು ತಾಳ್ಮೆಯಿಂದ ಕೇಳುವವರು ಪಕ್ಕದಲ್ಲಿದ್ದರೆ, ಮನೆಯಲ್ಲಿ ಕೇಳುವವರಿಲ್ಲದಿದ್ದರೆ, ಕಾಲು ಆ ಕಡೆಗೇ ಎಳೆಯುತ್ತದೆ. ಇದೇ ಗಾಟ್‌ಮನ್ ಅವರ ಇನ್ನೊಂದು ಪ್ರಸಿದ್ಧ ಅಧ್ಯಯನದಲ್ಲಿ, ಆರು ವರ್ಷಗಳ ಬಳಿಕವೂ ಜೊತೆಯಾಗಿದ್ದ ದಂಪತಿಗಳು ಸಂಗಾತಿಯ ಚಿಕ್ಕಪುಟ್ಟ ಕರೆಗಳಿಗೆ, "ಇಲ್ಲಿ ನೋಡು", "ಇವತ್ತು ಏನಾಯ್ತು ಗೊತ್ತಾ" ಎಂಬಂಥವಕ್ಕೆ, ಶೇಕಡ 86ರಷ್ಟು ಸಲ ಓಗೊಟ್ಟಿದ್ದರು. ಬೇರೆಯಾದವರಲ್ಲಿ ಈ ಪ್ರಮಾಣ ಶೇಕಡ 33 ಇತ್ತು. ನೆರೆಯವರ ಮನೆಗೆ ಹೋಗಬೇಡಿ ಎನ್ನುವುದಕ್ಕಿಂತ ಮೊಬೈಲ್ ಕೆಳಗಿಟ್ಟು ಹತ್ತು ನಿಮಿಷ ಮಾತು ಕೇಳುವುದು ಹೆಚ್ಚು ಫಲ ಕೊಡಬಹುದು.

ಹಂತ 5: ಮನೆಯ ವಿಷಯ ಹೊರಗೆ ಹೋಗುವ ದಾರಿಗಳನ್ನು ಮುಚ್ಚಿ

ಯಾವ ವಿಷಯ ಮನೆಯಿಂದ ಹೊರಗೆ ಹೋಗಬಾರದು ಎಂಬುದನ್ನು ಇಬ್ಬರೂ ಕೂತು ತೀರ್ಮಾನಿಸಿ. ಹಣಕಾಸು, ಇಬ್ಬರ ತವರಿನ ವಿಷಯ, ಆರೋಗ್ಯ, ಜಗಳ, ಪ್ರಯಾಣದ ದಿನಾಂಕಗಳು, ಇಷ್ಟು ಪಟ್ಟಿಯಲ್ಲಿದ್ದರೆ ಬಹುಪಾಲು ಮುಗಿಯಿತು.

ಇದಲ್ಲದೆ ನಮಗೆ ಅರಿವಿಲ್ಲದೆ ಸುದ್ದಿ ಸೋರುವ ದಾರಿಗಳಿವೆ. ಬಾಲ್ಕನಿಯಲ್ಲಿ ನಿಂತು ಸ್ಪೀಕರ್ ಹಾಕಿಕೊಂಡು ಫೋನಿನಲ್ಲಿ ಮಾತಾಡುವುದು ಒಂದು. ಸಿಟ್ಟಿನ ದಿನ ಹಾಕಿದ ವಾಟ್ಸ್‌ಆ್ಯಪ್ ಸ್ಟೇಟಸ್ ಇನ್ನೊಂದು. ಅದನ್ನು ಯಾರಿಗಾಗಿ ಹಾಕಿದ್ದೆಂದು ನಿಮ್ಮ ಸಂಗಾತಿಗೆ ಅರ್ಥವಾಗುವ ಮೊದಲೇ ಪಕ್ಕದವರಿಗೆ ಅರ್ಥವಾಗಿರುತ್ತದೆ. ಅವಸರಕ್ಕೆಂದು ಅವರ ಬಳಿ ಇಟ್ಟ ಮನೆಯ ಬೀಗದ ಕೈಯನ್ನು ವಾಪಸು ಪಡೆಯಿರಿ, ಅಥವಾ ಬೀಗ ಬದಲಾಯಿಸಿ. ಅವರ ವೈಫೈ ನೀವು ಬಳಸುವುದು, ನಿಮ್ಮ ಮೊಬೈಲನ್ನು ಅವರ ಕೈಗೆ ಕೊಡುವುದು, ಅವರಲ್ಲಿ ಕೈಸಾಲ ಮಾಡುವುದು ನಿಲ್ಲಲಿ. ಸಾಲವಿದ್ದರೆ ಮೊದಲು ತೀರಿಸಿ, ಋಣವಿರುವಾಗ ಗಟ್ಟಿಯಾಗಿ ಮಾತಾಡಲು ನಾಲಿಗೆ ಏಳುವುದಿಲ್ಲ.

ಮಕ್ಕಳ ವಿಷಯದಲ್ಲಿ ನಾಜೂಕಾಗಿರಬೇಕು. "ನಿನ್ನೆ ಅಪ್ಪ ಅಮ್ಮ ಯಾಕೆ ಜಗಳ ಆಡಿದರು" ಎಂದು ಮಗುವನ್ನು ಕೇಳಿ ತಿಳಿದುಕೊಳ್ಳುವವರಿದ್ದಾರೆ. ಮಗುವಿಗೆ ನೆರೆಯವರ ಬಗ್ಗೆ ಹೆದರಿಕೆ ಹುಟ್ಟಿಸಬೇಕಾಗಿಲ್ಲ, ಗುಟ್ಟು ಕಾಯುವ ಭಾರವನ್ನು ಹೊರಿಸುವುದೂ ಸಲ್ಲದು. "ಮನೆಯ ವಿಷಯ ಯಾರಾದರೂ ಕೇಳಿದರೆ, ಅಮ್ಮನನ್ನೇ ಕೇಳಿ ಅಂತ ಹೇಳು" ಎಂಬ ಒಂದು ವಾಕ್ಯ ಕಲಿಸಿದರೆ ಸಾಕು.

ಇವರು ಎಂಥವರೆಂದು ಪರೀಕ್ಷಿಸಲು ಬೇಕೆಂದೇ ಒಂದು ಸುಳ್ಳು ಸುದ್ದಿ ಬಿಟ್ಟು, ಅದು ಎಲ್ಲಿ ಹೊರಬರುತ್ತದೆ ಎಂದು ನೋಡುವ ಉಪಾಯವನ್ನು ಕೆಲವರು ಸೂಚಿಸುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಆ ಸುಳ್ಳು ಬೆಳೆದು ಬೇರೆಯವರ ಮನೆಗೆ ತಲುಪಿದಾಗ ಅದರ ಮೂಲ ನೀವೇ ಆಗಿರುತ್ತೀರಿ.

ಹಂತ 6: ನೆರೆಯವರಿಗೆ ಹೇಳಬೇಕಾದ ಮಾತು

ಇಬ್ಬರೂ ಒಂದಾದ ಮೇಲೆ ಮಾತ್ರ ಈ ಹೆಜ್ಜೆ. ಮಾತಾಡಬೇಕಾದವರು ನೆರೆಯವರೊಡನೆ ಹೆಚ್ಚು ಒಡನಾಟವಿದ್ದವರು. ಇನ್ನೊಬ್ಬರು ಹೋಗಿ ಹೇಳಿದರೆ "ಪಾಪ, ಅವರಿಗೆ ಮನೆಯಲ್ಲಿ ಸ್ವಾತಂತ್ರ್ಯವೇ ಇಲ್ಲ" ಎಂಬ ಹೊಸ ಕತೆ ಹುಟ್ಟಿಕೊಳ್ಳುತ್ತದೆ. ಆರೋಪ ಬೇಡ, ಹಳೆಯ ಮಾತುಗಳ ಪಟ್ಟಿ ಬೇಡ, ಬೇರೆ ನೆರೆಯವರನ್ನು ಸಾಕ್ಷಿಗೆ ಕರೆಯುವುದಂತೂ ಬೇಡವೇ ಬೇಡ. "ನಮ್ಮವರ ಬಗ್ಗೆ ಏನಾದರೂ ಹೇಳುವುದಿದ್ದರೆ ನಾವಿಬ್ಬರೂ ಇರುವಾಗ ಹೇಳಿ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಿಕೊಳ್ಳುವುದು ನಮ್ಮ ಮನೆಯ ರೂಢಿ." ಎರಡನೆಯ ವಾಕ್ಯವೇ ಮುಖ್ಯ, ಗುಟ್ಟು ಉಳಿಯುವುದಿಲ್ಲವೆಂದು ತಿಳಿದ ಮೇಲೆ ಚಾಡಿ ಹೇಳುವುದರಲ್ಲಿ ಅವರಿಗೆ ಅಪಾಯವೇ ಹೆಚ್ಚು.

ಅವರು ಅಳಬಹುದು, ಬೇಸರಪಟ್ಟುಕೊಳ್ಳಬಹುದು, "ಒಳ್ಳೆಯದು ಮಾಡಲು ಹೋದರೆ ಹೀಗೇ" ಎನ್ನಬಹುದು. ಸಮಜಾಯಿಷಿ ಕೊಡುತ್ತಾ ನಿಲ್ಲಬೇಡಿ, ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ ಬನ್ನಿ. ಆಮೇಲೆ ಎದುರು ಸಿಕ್ಕಾಗ ನಮಸ್ಕಾರ, ಕ್ಷೇಮ ಸಮಾಚಾರ, ಅಷ್ಟು ಸಾಕು. ಪೂರ್ತಿ ಮಾತು ಬಿಟ್ಟರೆ ಬೀದಿಯವರೆಲ್ಲ ಕಾರಣ ಕೇಳುತ್ತಾರೆ, ಆ ಕಾರಣವನ್ನು ಹೇಳುವ ಅವಕಾಶವೂ ಅವರಿಗೇ ಸಿಗುತ್ತದೆ. ಮುಂದೆ ಅವರು ಮತ್ತೆ "ನಿಮ್ಮವರು ಇವತ್ತು..." ಎಂದು ತೊಡಗಿದರೆ "ತಾಳಿ, ಅವರನ್ನೂ ಕರೆಯುತ್ತೇನೆ" ಎಂದು ನಿಜವಾಗಿಯೂ ಕರೆಯಿರಿ.

ಹಂತ 7: ಬಾಯಿಮಾತು ದಾಟಿ ಮುಂದೆ ಹೋದರೆ

ಹೆಸರಿಲ್ಲದ ಪತ್ರಗಳು, ನಕಲಿ ಖಾತೆಯಿಂದ ಬರುವ ಸಂದೇಶಗಳು, ಕಚೇರಿಗೋ ನೆಂಟರಿಗೋ ಹೋಗುವ ದೂರುಗಳು, ಹಿಂಬಾಲಿಸುವುದು, ಬೆದರಿಕೆ, ಒಪ್ಪಿಗೆಯಿಲ್ಲದೆ ತೆಗೆದ ಚಿತ್ರಗಳು, ಇವು ಶುರುವಾದರೆ ಮೇಲಿನ ಮೃದು ಕ್ರಮಗಳು ಸಾಲುವುದಿಲ್ಲ. ಬಂದ ಸಂದೇಶವನ್ನು ಅಳಿಸದೆ ಮೂಲ ರೂಪದಲ್ಲಿಯೇ ಇಟ್ಟುಕೊಳ್ಳಿ, ದಿನಾಂಕ, ಸಮಯ, ಕಳುಹಿಸಿದವರ ಸಂಖ್ಯೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆಯೂ ಉಳಿಸಿ, ಪತ್ರವಾದರೆ ಲಕೋಟೆಯನ್ನೂ ಎಸೆಯಬೇಡಿ. ಉತ್ತರ ಕೊಡಲು ಹೋಗಬೇಡಿ. ವಕೀಲರನ್ನು ಕಂಡು, ಅಗತ್ಯವಿದ್ದರೆ ಪೊಲೀಸರಿಗೆ ಲಿಖಿತ ದೂರು ಕೊಟ್ಟು, ಅದನ್ನು ಸ್ವೀಕರಿಸಿದ ದಾಖಲೆ ಪಡೆಯಿರಿ. ದೂರಿನಲ್ಲಿ ನಡೆದ ಘಟನೆಗಳಿರಲಿ. ನೆರೆಯವರ ಸ್ವಭಾವದ ವರ್ಣನೆ ಬೇಕಾಗಿಲ್ಲ.

ನಿಮ್ಮ ಸಂಗಾತಿಯ ಹೆಸರಿನಲ್ಲಿ ನಡೆದ ಸಂಭಾಷಣೆಯೆಂದು ಯಾರಾದರೂ ನಿಮಗೆ ಸ್ಕ್ರೀನ್‌ಶಾಟ್ ತೋರಿಸಿದರೆ, ಅಂಥದ್ದನ್ನು ಮೊಬೈಲಿನಲ್ಲಿಯೇ ನಿಮಿಷಗಳಲ್ಲಿ ಸೃಷ್ಟಿಸಬಹುದು ಎಂಬುದು ನೆನಪಿರಲಿ. ಧ್ವನಿಯನ್ನೂ ವಿಡಿಯೊವನ್ನೂ ಈಗ ಹಾಗೆಯೇ ತಯಾರಿಸಬಹುದು. ಮೂಲ ಸಂದೇಶವಿರುವ ಫೋನನ್ನು ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ.

ನೆರೆಯವರು ನಿಮ್ಮ ಸಂಗಾತಿಯ ಬಗ್ಗೆಯೇ ಆಸಕ್ತಿ ತೋರಿಸುತ್ತಿದ್ದರೆ, ಅದನ್ನು ಖಡಾಖಂಡಿತವಾಗಿ ನಿರಾಕರಿಸಬೇಕಾದವರು ಸಂಗಾತಿಯೇ, ಅದೂ ಒಮ್ಮೆ, ಸ್ಪಷ್ಟವಾದ ಮಾತಿನಲ್ಲಿ, ಸಾಧ್ಯವಾದರೆ ಬರಹದಲ್ಲಿ. "ಬೇಜಾರು ಮಾಡಿಕೊಳ್ಳುತ್ತಾರೆ" ಎಂಬ ದಾಕ್ಷಿಣ್ಯದಿಂದ ಅರ್ಧಂಬರ್ಧ ಹೇಳಿದ ನಿರಾಕರಣೆಯನ್ನು ಒಪ್ಪಿಗೆಯೆಂದೇ ಓದಿಕೊಳ್ಳುವವರಿದ್ದಾರೆ. ಸಂಗಾತಿಗೂ ಆ ಕಡೆ ಒಲವಿದೆ ಎಂದು ಕಂಡುಬಂದರೆ, ಈಗ ಸಮಸ್ಯೆ ನೆರೆಯವರದಾಗಿ ಉಳಿದಿಲ್ಲ. ಆಗ ಇಬ್ಬರೂ ದಾಂಪತ್ಯ ಸಮಾಲೋಚಕರ ಬಳಿ ಹೋಗುವುದು ಸೂಕ್ತ. ನೆಂಟರ ಪಂಚಾಯಿತಿಗಿಂತ ಅದು ಮೇಲು, ಏಕೆಂದರೆ ಸಮಾಲೋಚಕರಿಗೆ ಯಾರ ಪಕ್ಷವನ್ನೂ ಹಿಡಿಯುವ ಅಗತ್ಯವಿಲ್ಲ, ಕೇಳಿದ್ದನ್ನು ಹೊರಗೆ ಹೇಳದಿರುವುದು ಅವರ ವೃತ್ತಿಯ ನಿಯಮ.

ಹಂತ 8: ಮನೆ ಬದಲಾಯಿಸಬೇಕೇ?

ಈ ಪ್ರಶ್ನೆ ಬೇಗ ಬರುತ್ತದೆ, ಉತ್ತರ ತಡವಾಗಿ ಕೊಡುವುದು ಒಳ್ಳೆಯದು. ಬೆದರಿಕೆ, ಹಿಂಬಾಲಿಸುವಿಕೆ ಇದ್ದರೆ, ಅಥವಾ ನೆರೆಯವರ ಮುಖ ಕಂಡರೆ ಮನೆಯಲ್ಲಿ ಒಬ್ಬರ ನೆಮ್ಮದಿ ಕೆಡುವಷ್ಟು ಆಗಿದ್ದರೆ ಹೋಗುವುದೇ ಸರಿ, ಅದರಲ್ಲಿ ಸೋಲೇನೂ ಇಲ್ಲ. ಉಳಿದ ಸಂದರ್ಭಗಳಲ್ಲಿ ಮೂರರಿಂದ ಆರು ತಿಂಗಳು ಮೇಲಿನ ಹಂತಗಳನ್ನು ಅನುಸರಿಸಿ ನೋಡಿ. ಪಕ್ಕದ ಮನೆಗೆ ಹೇಳಿಕೊಳ್ಳುವ ಅಭ್ಯಾಸ ಇಬ್ಬರಲ್ಲಿ ಒಬ್ಬರಿಗೆ ಉಳಿದಿದ್ದರೆ ಹೊಸ ಮನೆಯ ಪಕ್ಕದಲ್ಲೂ ಒಂದು ಮನೆ ಇರುತ್ತದೆ. ಹೋಗುವುದೆಂದು ತೀರ್ಮಾನವಾದರೆ ಹೊಸ ವಿಳಾಸ, ಹೊರಡುವ ದಿನ, ಮಕ್ಕಳ ಹೊಸ ಶಾಲೆ ಇವುಗಳನ್ನು ಸಾಮಾನು ಸಾಗಿಸುವ ದಿನದವರೆಗೂ ನಿಮ್ಮಿಬ್ಬರಲ್ಲೇ ಇಟ್ಟುಕೊಳ್ಳಿ, ಅಂಚೆ ಮತ್ತು ಬ್ಯಾಂಕಿನ ವಿಳಾಸಗಳನ್ನು ಹೊರಡುವ ಮೊದಲೇ ಬದಲಾಯಿಸಿ. ಹಳೆಯ ಮನೆಗೆ ನಿಮ್ಮ ಹೆಸರಿನ ಕಾಗದಗಳು ಬರುತ್ತಿದ್ದರೆ ಅವನ್ನು ತೆಗೆದಿಟ್ಟು ಫೋನ್ ಮಾಡುವವರು ಆ ಪಕ್ಕದ ಮನೆಯವರೇ ಆಗಿರುತ್ತಾರೆ.